ರೊಟ್ಟಿಯ ಮೇಲೆ ಹೊರಿಸಿದ ತಪ್ಪು

ಕಲಬುರಗಿಯಿಂದ ಚಿತ್ತಾಪುರ ತಾಲ್ಲೂಕಿನ ಒಂದು ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ಹೊಟ್ಟೆಯುಬ್ಬರದ ಅಳತೆ ತಿಳಿಯುತ್ತಿದ್ದುದು ಲಂಗದ ಲಾಡಿಯಿಂದ. ಬೆಳಿಗ್ಗೆ ಸರಿಯಾಗಿಯೇ ಕಟ್ಟಿದ ಗಂಟು ಸಂಜೆ ನಾಲ್ಕರ ಹೊತ್ತಿಗೆ ಸೊಂಟವನ್ನು ಕೊರೆಯಲು ಶುರುಮಾಡುತ್ತಿತ್ತು. ಶಾಲೆ ಬಿಟ್ಟ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಸಡಿಲಿಸಿಯೇ ಬಸ್ಸು ಹತ್ತಬೇಕಾಗುತ್ತಿತ್ತು. ರಾತ್ರಿ ಎರಡು ರೊಟ್ಟಿ ತಿಂದು ಏಳುವಷ್ಟರಲ್ಲಿ ಹೊಟ್ಟೆ ಕಲ್ಲಿನಂತಾಗುತ್ತಿದ್ದುದರಿಂದ, ತಪ್ಪು ರೊಟ್ಟಿಯದೇ ಎಂದು ನಾನೂ ನಂಬಿದೆ, ಮನೆಗೆ ಬಂದವರೆಲ್ಲರೂ ನಂಬಿಸಿದರು. "ಜ್ವಾಳ ಜಡ ಆಗ್ತದ, ಚಪಾತಿ ತಿನ್ನು, ಹಗುರ ಇರ್ತದ" ಎಂಬ ಮಾತನ್ನು ಕೇಳಿ ಮೂರು ತಿಂಗಳು ಜೋಳವನ್ನು ಮುಟ್ಟಲಿಲ್ಲ. ಉಬ್ಬರ ಇಳಿಯುವ ಬದಲು ಇನ್ನಷ್ಟು ಹೆಚ್ಚಿತು.

ಆಮೇಲೆ ವೈದ್ಯರ ಬಳಿ ಹೋದೆ. ಈ ಕೆಲಸವನ್ನು ಮೊದಲೇ ಮಾಡಬೇಕಾಗಿತ್ತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಇವುಗಳಲ್ಲಿ ಯಾವುದಿದ್ದರೂ ಆಹಾರದ ಪ್ರಯೋಗಕ್ಕೆ ಇಳಿಯಬಾರದು, ಮೊದಲು ತಪಾಸಣೆಯಾಗಬೇಕು ಎಂದು ಅವರು ಹೇಳಿದರು. ರಕ್ತಪರೀಕ್ಷೆಗಳ ಜೊತೆಗೆ ಸೀಲಿಯಾಕ್ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಈ ಕಾಯಿಲೆಯನ್ನು ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷಿಸಬೇಕು, ಗೋಧಿ ಬಿಟ್ಟ ಮೇಲೆ ಪರೀಕ್ಷಿಸಿದರೆ ಇದ್ದರೂ ಇಲ್ಲವೆಂದು ಬರಬಹುದು. ಮೂರು ತಿಂಗಳು ಚಪಾತಿ ತಿಂದದ್ದರಿಂದ ನನಗಾದ ಲಾಭ ಇದೊಂದೇ. ಎಲ್ಲವೂ ಸರಿಯಾಗಿಯೇ ಬಂದವು. ನನ್ನದು ಐಬಿಎಸ್, ಅಂದರೆ ಕರುಳು ವಿಪರೀತ ಸೂಕ್ಷ್ಮವಾಗಿರುವ ತೊಂದರೆ ಎಂದಾಯಿತು.

ವೈದ್ಯರು ಸೂಚಿಸಿದ ಆಹಾರಕ್ರಮದ ಹೆಸರು ಲೋ ಫಾಡ್‌ಮ್ಯಾಪ್, ಅಂದರೆ ಕರುಳಿನಲ್ಲಿ ಹುದುಗಿ ತೊಂದರೆ ಕೊಡುವ ಕೆಲವು ಬಗೆಯ ಸಕ್ಕರೆಗಳನ್ನು ಕಡಿಮೆ ಮಾಡುವ ಕ್ರಮ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಆ ಪದ ಬಳಕೆಗೆ ಬಂದದ್ದು 2005ರಲ್ಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿಗಳಲ್ಲಿರುವ ಫ್ರಕ್ಟಾನ್, ಬೇಳೆಕಾಳುಗಳಲ್ಲಿರುವ ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಯ ಸರಪಳಿಗಳನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿ ಯಾರಿಗೂ ಇಲ್ಲ. ಅವು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿಯ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸುತ್ತವೆ, ಗಾಳಿ ಹುಟ್ಟುತ್ತದೆ. ಎಲ್ಲರಲ್ಲೂ ನಡೆಯುವ ಈ ಕ್ರಿಯೆ ಸೂಕ್ಷ್ಮ ಕರುಳಿನವರಿಗೆ ಮಾತ್ರ ನೋವಾಗಿ ಕಾಣುತ್ತದೆ. ಇದಕ್ಕೆಲ್ಲ ಹಲವು ಗಂಟೆಗಳು ಹಿಡಿಯುತ್ತವೆ ಎಂಬುದನ್ನು ತಿಳಿದಾಗ ನನಗೆ ರೊಟ್ಟಿಯ ವಿಷಯದಲ್ಲಿ ಮೊದಲ ಸಂಶಯ ಬಂದಿತು. ರಾತ್ರಿಯ ಊಟದ ಹೊತ್ತಿಗೆ ಉಬ್ಬಿದ ಹೊಟ್ಟೆಯ ಮೂಲ ಮಧ್ಯಾಹ್ನದ ಡಬ್ಬಿಯಲ್ಲಿ ಇರಬಹುದಲ್ಲವೇ?

ಮೊದಲ ಎರಡು ವಾರ ಏನನ್ನೂ ಬದಲಿಸದೆ ಬರೆದಿಡುವುದನ್ನಷ್ಟೇ ಮಾಡಿದೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹೊತ್ತು, ತಿಂದದ್ದು, ಎಷ್ಟು, ಹೊಟ್ಟೆಯ ಬಿಗಿತಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ, ಶೌಚದ ಸ್ಥಿತಿ, ಹಿಂದಿನ ರಾತ್ರಿಯ ನಿದ್ದೆ, ಇಷ್ಟನ್ನು ದಾಖಲಿಸುತ್ತಿದ್ದೆ. 'ಎಷ್ಟು' ಎಂಬ ಮನೆಯನ್ನು ತುಂಬುವುದೇ ಕಷ್ಟವಾಗಿತ್ತು, ಏಕೆಂದರೆ ನಮ್ಮಲ್ಲಿ ಬಡಿಸುವವರು ಅಳತೆ ನೋಡುವುದಿಲ್ಲ. ಕೊನೆಗೆ ಒಂದೇ ವಾಟಗವನ್ನು, ಅಂದರೆ ಬಟ್ಟಲನ್ನು, ನನಗೆಂದು ಬೇರೆ ಇಟ್ಟುಕೊಂಡೆ.

ಮುಂದಿನ ನಾಲ್ಕು ವಾರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿ, ಬೇಳೆಕಾಳು, ಹಾಲು ಮತ್ತು ಮೊಸರನ್ನು ಪೂರ್ತಿ ಬಿಟ್ಟೆ. ಜೋಳದ ರೊಟ್ಟಿ, ಅನ್ನ, ಬದನೆಕಾಯಿ, ಗಜ್ಜರಿ, ಸೌತೆಕಾಯಿ, ಆಲೂಗಡ್ಡೆ, ಟೊಮೆಟೊ, ಶೇಂಗಾ ಮತ್ತು ಪನೀರ್ ಉಳಿದವು. ಆ ಆಹಾರಕ್ರಮದ ಪಟ್ಟಿಯ ಪ್ರಕಾರ ಜೋಳಕ್ಕೆ ನಿಷೇಧವಿಲ್ಲವೆಂದು ಓದಿದಾಗ ನನಗೆ ಅಳು ಬರುವಷ್ಟು ಸಂತೋಷವಾಯಿತು. ದಿನಕ್ಕೆ ನಾಲ್ಕು ರೊಟ್ಟಿ ತಿಂದೂ ಹತ್ತನೆಯ ದಿನದಿಂದ ಬಿಗಿತದ ಅಂಕ ಎರಡರ ಮೇಲೆ ಏರಲಿಲ್ಲ. ಸಂಜೆಯ ಬಸ್ಸಿಗೆ ಬೆಳಗಿನ ಗಂಟೇ ಸಾಕಾಯಿತು.

ಅಡುಗೆಮನೆಯಲ್ಲಿ ಮಾತ್ರ ಸುಲಭವಿರಲಿಲ್ಲ. "ಹಸಿ ಉಳ್ಳಾಗಡ್ಡಿ ಇಲ್ದೆ ರೊಟ್ಟಿ ಹೆಂಗ ಇಳೀತದವ್ವಾ?" ಎಂದು ಅತ್ತೆಯವರು ಮರುಗುತ್ತಿದ್ದರು. ಶೇಂಗಾ ಹಿಂಡಿಯನ್ನು ನಾನು ಹಿಂದೆ ಒಮ್ಮೆ ಬಿಟ್ಟಿದ್ದೆ, ಶೇಂಗಾ ಆಗಿಬರುವುದಿಲ್ಲವೆಂದು ತಿಳಿದು. ಅದರಲ್ಲಿ ಕುಟ್ಟಿ ಸೇರಿಸುವ ಬಳ್ಳೊಳ್ಳಿ ನೆನಪಿಗೇ ಬಂದಿರಲಿಲ್ಲ. ಈಗ ಜೀರಿಗೆ, ಕೆಂಪು ಖಾರ, ಉಪ್ಪು ಹಾಕಿ ಬಳ್ಳೊಳ್ಳಿಯಿಲ್ಲದೆ ಕುಟ್ಟಿದರೆ ಏನೂ ಆಗುವುದಿಲ್ಲ. ಬಳ್ಳೊಳ್ಳಿಯ ರುಚಿ ಬೇಕೆನ್ನಿಸಿದಾಗ ಎಸಳುಗಳನ್ನು ಜಜ್ಜದೆ ಇಡಿಯಾಗಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲಿಯೇ ಒಗ್ಗರಣೆ ಕೊಡುತ್ತೇನೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ವಾಸನೆ ಮಾತ್ರ ಎಣ್ಣೆಗೆ ಬರುತ್ತದೆ. ಎಸಳನ್ನು ಸಾರಿನಲ್ಲಿ ಕುದಿಸಿ ತೆಗೆದರೆ ಈ ಉಪಾಯ ನಡೆಯುವುದಿಲ್ಲ. ಈ ಎಣ್ಣೆಯನ್ನು ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಬೇಕು. ಬಳ್ಳೊಳ್ಳಿಯ ಎಣ್ಣೆಯನ್ನು ಹೊರಗಿಟ್ಟರೆ ಅದರಲ್ಲಿ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ವಿಷ ಬೆಳೆಯುವ ಸಾಧ್ಯತೆಯಿದೆ.

ಹೊಟ್ಟೆ ತಣ್ಣಗಾದ ಮೇಲೆ ಹೀಗೆಯೇ ಇದ್ದುಬಿಡೋಣವೆಂಬ ಆಸೆ ಬಲವಾಗಿ ಬಂತು. ಬಹಳ ಜನ ನಿಲ್ಲುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಆದರೆ ಬೇಳೆಕಾಳನ್ನು ದೀರ್ಘಕಾಲ ಬಿಟ್ಟರೆ ಪ್ರೋಟೀನು, ನಾರು ಎರಡೂ ಕಡಿಮೆಯಾಗುತ್ತವೆ, ಕರುಳಿಗೆ ಬೇಕಾದ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ. ಆರು ವಾರ ಮೀರಬೇಡಿ ಎಂದು ವೈದ್ಯರು ಖಚಿತವಾಗಿ ಹೇಳಿದ್ದರು. ಹಾಗಾಗಿ ಒಂದೊಂದನ್ನೇ ಮರಳಿ ತಂದೆ: ಒಂದು ಪದಾರ್ಥ ಮೂರು ದಿನ, ದಿನದಿಂದ ದಿನಕ್ಕೆ ಹೆಚ್ಚಿಸುತ್ತ, ಆಮೇಲೆ ಎರಡು ಮೂರು ದಿನ ಬಿಡುವು, ಆಮೇಲೆ ಮುಂದಿನದು. ಗೋಧಿಯ ಪರೀಕ್ಷೆಯ ಎರಡನೆಯ ದಿನವೇ ಸಂಬಂಧಿಕರ ಮದುವೆಯಲ್ಲಿ ಉಳ್ಳಾಗಡ್ಡಿಯ ಭಜಿ ತಿಂದು ಆ ವಾರವನ್ನೆಲ್ಲ ಹಾಳುಮಾಡಿಕೊಂಡೆ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಬಳ್ಳೊಳ್ಳಿ ನನ್ನನ್ನು ಎರಡು ಎಸಳಿಗೇ ಸೋಲಿಸಿತು. ಹಸಿ ಉಳ್ಳಾಗಡ್ಡಿ ಅರ್ಧ ತಿಂದರೆ ಲಾಡಿ ಸಡಿಲಿಸಬೇಕು, ಪಲ್ಯದಲ್ಲಿ ಬೆಂದ ಎರಡು ಚಮಚ ನಡೆಯುತ್ತದೆ. ಚಪಾತಿ ಎರಡಾದರೆ ತೊಂದರೆಯಿಲ್ಲ, ಮೂರಾದರೆ ಮರುದಿನ ತಿಳಿಯುತ್ತದೆ. ಹಾಲಿನದು ಬೇರೆ ಕಥೆ. ಅದರಲ್ಲಿರುವ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ದೊಡ್ಡವರಾಗುತ್ತಿದ್ದಂತೆ ಹಲವರಲ್ಲಿ ಕಡಿಮೆಯಾಗುತ್ತದೆ. ಮಲಗುವಾಗ ಕುಡಿಯುತ್ತಿದ್ದ ದೊಡ್ಡ ಲೋಟದ ಹಾಲು ಎರಡು ಗಂಟೆಯೊಳಗೆ ತನ್ನ ಉತ್ತರ ಕೊಟ್ಟಿತು, ಆದರೆ ದಿನಕ್ಕೆ ಮೂರು ಸಣ್ಣ ಕಪ್ ಹಾಲಿನ ಚಹಾ, ಮಜ್ಜಿಗೆ, ಒಂದು ವಾಟಗ ಮೊಸರು ಏನೂ ಮಾಡಲಿಲ್ಲ. ನನ್ನ ಪಟ್ಟಿಯನ್ನು ಬೀದರಿನಲ್ಲಿರುವ ತಂಗಿಗೆ ಕಳುಹಿಸಿದ್ದೆ. ಅವಳಿಗೆ ಬಳ್ಳೊಳ್ಳಿ ಎಷ್ಟಾದರೂ ಆಗುತ್ತದೆ, ಮೊಸರು ಕೂಡ ಆಗುವುದಿಲ್ಲ.

ಕೊನೆಗೆ ಉಳಿದದ್ದು ತೊಗರಿ ಬೇಳೆ, ನನ್ನ ದೊಡ್ಡ ಭಯ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೇಳೆಯ ಊರಿನಲ್ಲಿದ್ದು ಅದನ್ನು ಬಿಡುವುದೆಂದರೆ ಮನೆಯಲ್ಲಿ ಇನ್ನೊಂದು ಒಲೆ ಹೂಡಿದಂತೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದೆ. ಆ ಸಕ್ಕರೆಗಳು ನೀರಿಗೆ ಇಳಿಯುವುದರಿಂದ ಒಂದು ಪಾಲು ಹೀಗೆ ಹೊರಹೋಗುತ್ತದೆ. "ಸತ್ವಾ ಎಲ್ಲಾ ಮೋರಿಗೆ ಚೆಲ್ತಿಯಲ್ಲ" ಎಂದು ಅತ್ತೆಯವರು ಬೈದರು, ಅದರಲ್ಲಿ ಸ್ವಲ್ಪ ನಿಜವೂ ಇದೆ, ಕೆಲವು ಜೀವಸತ್ವಗಳು ಹೋಗುತ್ತವೆ. ಆದರೂ ಹೀಗೆ ಬೇಯಿಸಿದ ಬೇಳೆ ಒಂದು ವಾಟಗ ನನಗೆ ಒಗ್ಗಿತು, ಎರಡು ಒಗ್ಗಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಹಸಿ ತೊಗರಿಕಾಳು, ಕಡಲೆ, ಅವರೆ, ಬಟಾಣಿ ಎಲ್ಲ ಕೂಡಿದ ಭಜ್ಜಿ ಎಂಬ ಪಲ್ಯವನ್ನು ಹಿಂದಿನ ವರ್ಷ ಎರಡು ಸಲ ಹಾಕಿಸಿಕೊಂಡು, ಸಂಜೆ ಟ್ರ್ಯಾಕ್ಟರಿನಲ್ಲಿ ಮಲಗಿಕೊಂಡು ಮನೆಗೆ ಬಂದಿದ್ದೆ. ಈ ಸಲ ಚರಗ ಚೆಲ್ಲಿ ಬಂದು ಊಟಕ್ಕೆ ಕುಳಿತಾಗ ನನ್ನ ವಾಟಗವನ್ನು ಚೀಲದಿಂದ ತೆಗೆದೆ. ಅತ್ತೆಯವರು ನಕ್ಕು, ಅದರಲ್ಲಿ ಅರ್ಧದಷ್ಟು ಭಜ್ಜಿ ಬಡಿಸಿ, ಸಜ್ಜೆ ರೊಟ್ಟಿಯ ಮೇಲೆ ಬೆಣ್ಣೆಯನ್ನು ಮಾತ್ರ ಕೇಳದೆ ಹಾಕಿದರು.