ಡಬ್ಬಾ ಟಿವಿಗೆ ಡಿವಿಡಿ ಪ್ಲೇಯರ್: ಚಿತ್ರ ಸರಿ ಬರದಿದ್ದರೆ ಏನು ನೋಡಬೇಕು?

ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ ಮದುವೆ ಸೀಡಿ, ಶ್ರೀಕೃಷ್ಣ ಪಾರಿಜಾತದ ಸೀಡಿಗಳು ಇನ್ನೂ ಜೋಪಾನವಾಗಿವೆ. ಹಳೆಯ ಟಿವಿಗೆ ಹಚ್ಚಿದಾಗ ಚಿತ್ರ ಕಪ್ಪು-ಬಿಳುಪಾದರೆ, ಉರುಳತೊಡಗಿದರೆ, ಬರೀ ಧ್ವನಿ ಬಂದರೆ ಸೀಡಿ ಕೆಟ್ಟಿತೆಂದು ಒಗೆಯಬೇಡಿ. ಬಹಳ ಸಲ ದೋಷ ಇರುವುದು ವೈರಿನಲ್ಲಿ ಇಲ್ಲವೇ ಸೆಟ್ಟಿಂಗಿನಲ್ಲಿ.

ಮೊದಲು ಸೀಡಿ ಹಾಕದೆ ಪ್ಲೇಯರ್ ಆನ್ ಮಾಡಿ. ಕಂಪನಿಯ ಲೋಗೊ ಸ್ವಚ್ಛವಾಗಿ ಮೂಡಿ, ಸೀಡಿ ಹಾಕಿದ ಮೇಲಷ್ಟೇ ಚಿತ್ರ ಚೌಕಚೌಕವಾಗಿ ಒಡೆದು ನಿಂತು ನಿಂತು ಬಂದರೆ ವೈರಿನ ಗೊಡವೆ ಬೇಡ. ಡಿಸ್ಕ್ ಗೀರಿದೆ, ಇಲ್ಲವೇ ಲೆನ್ಸ್ ಮೇಲೆ ಧೂಳು ಕೂತಿದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಹಾಕಿ ಒರೆಸಿದರೆ ಹೊಸ ಗೀರು ದತ್ತಾಂಶದ ಸಾಲಿನ ಉದ್ದಕ್ಕೇ ಬೀಳುತ್ತದೆ. ಅಂಥ ಗೀರನ್ನು ದಾಟಿ ಓದುವುದು ಪ್ಲೇಯರಿಗೆ ಕಷ್ಟ.

ಲೋಗೊವೇ ಬರಲಿಲ್ಲವೆ? ಟಿವಿ ರಿಮೋಟಿನ ಎವಿ ಗುಂಡಿ ಒತ್ತಿ. ಟಿವಿಯ ಮುಂದೊಂದು, ಹಿಂದೊಂದು ಸಾಕೆಟ್ ಇದ್ದರೆ ಎವಿ-1, ಎವಿ-2 ಎರಡನ್ನೂ ನೋಡಿ. ವೈರ್ ಪ್ಲೇಯರಿನ ‘ಔಟ್’ನಿಂದ ಹೊರಟು ಟಿವಿಯ ‘ಇನ್’ಗೆ ಸೇರಬೇಕು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಪ್ಲೇಯರಿನ ಹಿಂದೆ ಹಸಿರು, ನೀಲಿ, ಕೆಂಪು ಸಾಕೆಟ್ಟುಗಳು ಒಟ್ಟಿಗಿದ್ದರೆ ಅವು ಕಾಂಪೊನೆಂಟ್ ವಿಡಿಯೊದವು, ಅಂದರೆ ಚಿತ್ರವನ್ನೇ ಮೂರು ವೈರಿನಲ್ಲಿ ಒಯ್ಯುವಂಥವು. ಧ್ವನಿಯ ಪಿನ್ನನ್ನು ಅಲ್ಲಿನ ಕೆಂಪಿಗೆ ಸಿಕ್ಕಿಸಬೇಡಿ. ಹಳದಿ ಪಿನ್ನು ತಪ್ಪಿ ಹಸಿರಿಗೆ ಹೋಗಿದ್ದರೆ ಚಿತ್ರ ಬಂದೀತು, ಬಣ್ಣ ಬಾರದು. ಹಸಿರಿನಲ್ಲಿ ಹೊರಡುವುದು ಬೆಳಕಿನ ಸಂಕೇತ ಮಾತ್ರ.

ಬೆಳಗಾವಿಯ ಮಳೆಗಾಲದ ತಂಪಿಗೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಟಿವಿ, ಪ್ಲೇಯರ್ ಎರಡನ್ನೂ ಆಫ್ ಮಾಡಿ, ಪಿನ್ನನ್ನು ನಾಲ್ಕೈದು ಸಲ ತಿರುಗಿಸುತ್ತ ತೆಗೆದು ಹಾಕಿ. ಆದರೂ ಚಿತ್ರ ಮಿಣುಕಿದರೆ ಬಿಳಿ ವೈರಿನ ಎರಡೂ ತುದಿಗಳನ್ನು ಹಳದಿ ಸಾಕೆಟ್ಟುಗಳಿಗೆ ಹಾಕಿ ನೋಡಿ. ಚಿತ್ರ ನೆಟ್ಟಗಾದರೆ ಹಳದಿ ವೈರ್ ಒಳಗೆ ಕಡಿದಿದೆ ಎಂದು ಖಾತ್ರಿ.

ಧ್ವನಿ ಇದ್ದು ಪರದೆ ಕಪ್ಪಾಗಿದ್ದರೆ ಪ್ರೊಗ್ರೆಸಿವ್ ಸ್ಕ್ಯಾನ್ (ಗೆರೆ ಬಿಡದೆ ಪ್ರತಿ ಸಲವೂ ಇಡೀ ಚಿತ್ರ ಕಳಿಸುವ ಸೆಟ್ಟಿಂಗ್) ಮೇಲೆ ಅನುಮಾನ ಇಡಿ. ಹಳೆಯ ಟಿವಿ ಸೆಕೆಂಡಿಗೆ 15,625 ಗೆರೆ ಎಳೆಯುತ್ತದೆ. ಪ್ರೊಗ್ರೆಸಿವ್‌ನಲ್ಲಿ ಅದು 31,250 ಆಗುತ್ತದೆ. ಅಷ್ಟು ವೇಗ ಈ ಟಿವಿಗೆ ನಿಲುಕದು. ಕೆಲವು ಪ್ಲೇಯರುಗಳಲ್ಲಿ ಈ ಸೆಟ್ಟಿಂಗ್ ಆನ್ ಆದೊಡನೆ ಹಳದಿ ಸಾಕೆಟ್ಟಿನ ಚಿತ್ರವೇ ನಿಲ್ಲುತ್ತದೆ. ಡಿಸ್ಕ್ ತೆಗೆದು, ಪ್ಲೇಯರ್ ರಿಮೋಟಿನ ‘ಪಿ-ಸ್ಕ್ಯಾನ್’ ಅಥವಾ ‘ವಿ-ಮೋಡ್’ ಗುಂಡಿಯನ್ನು ಒಂದೊಂದೇ ಸಲ ಒತ್ತಿ, ಪ್ರತಿ ಸಲವೂ ಐದು ಸೆಕೆಂಡ್ ಕಾಯಿರಿ. ಅವಸರದಲ್ಲಿ ಟಕಟಕ ಒತ್ತಿದರೆ ಸರಿಯಾದ ಮೋಡ್ ದಾಟಿಹೋಗುತ್ತದೆ.

ಚಿತ್ರ ಉರುಳುತ್ತಿದ್ದರೆ, ಬಣ್ಣ ಹೋಗಿದ್ದರೆ ಪ್ಯಾಲ್–ಎನ್‌ಟಿಎಸ್‌ಸಿ ತಕರಾರು ಇರಬಹುದು. ಇವೆರಡೂ ಟಿವಿ ಚಿತ್ರ ಕಳಿಸುವ ಪದ್ಧತಿಗಳು. ನಮ್ಮ ದೇಶದ ಪದ್ಧತಿ ಪ್ಯಾಲ್: 625 ಗೆರೆ, ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), ಬಣ್ಣದ ಸಂಕೇತ 4.43 ಮೆಗಾಹರ್ಟ್ಸ್. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸುಮಾರು 60 ಫೀಲ್ಡ್, 3.58 ಮೆಗಾಹರ್ಟ್ಸ್. ಅಲ್ಲಿರುವ ಬಳಗದವರು ಕಳಿಸಿದ ಡಿಸ್ಕನ್ನು ಬರೀ ಪ್ಯಾಲ್ ತಿಳಿಯುವ ಟಿವಿಗೆ ಹಚ್ಚಿದರೆ ಬಣ್ಣ ಹೋಗುವುದು ಇದಕ್ಕೇ. ಪ್ಲೇಯರಿನ ಸೆಟಪ್ ಮೆನುವಿನಲ್ಲಿ ‘ಟಿವಿ ಟೈಪ್’ ಅಥವಾ ‘ಟಿವಿ ಸಿಸ್ಟಂ’ ಎಂಬಲ್ಲಿ ಪ್ಯಾಲ್ ಆರಿಸಿ. ‘ಆಟೊ’ ಅಥವಾ ‘ಮಲ್ಟಿ’ ಇಟ್ಟರೆ ಡಿಸ್ಕ್ ಹೇಗಿದೆಯೋ ಹಾಗೇ ಹೊರಗೆ ಬರುತ್ತದೆ. ಹಳೆಯ ಟಿವಿಗೆ ಅದು ಆಗಿಬರದು.

ಜನ ಉದ್ದಕ್ಕೆ, ಸಣ್ಣಗೆ ಕಂಡರೆ ಅದೇ ಮೆನುವಿನಲ್ಲಿ 16:9 ಬದಲು 4:3 ಲೆಟರ್‌ಬಾಕ್ಸ್ ಮಾಡಿ.

ಸಿನಿಮಾ ಡಿವಿಡಿಯ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತಿದ್ದರೆ ಪ್ಲೇಯರ್ ಮತ್ತು ಟಿವಿಯ ನಡುವೆ ವಿಸಿಆರ್ (ವಿಡಿಯೊ ಕ್ಯಾಸೆಟ್ ಯಂತ್ರ) ಇದೆಯೇ ನೋಡಿ. ನಕಲು ತಡೆಯಲು ಡಿಸ್ಕಿನಲ್ಲಿಟ್ಟ ಏರ್ಪಾಡು ವಿಸಿಆರ್‌ನ ಬೆಳಕಿನ ಹತೋಟಿಯನ್ನು ಕೆಡಿಸುತ್ತದೆ. ಪ್ಲೇಯರನ್ನು ನೇರ ಟಿವಿಗೇ ಕೊಡಿ. ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಕಂಡರೆ ಅದು ಸ್ಪೀಕರಿನ ಅಯಸ್ಕಾಂತದ ಕಾಟ ಇರಬಹುದು, ಪಕ್ಕದ ಸ್ಪೀಕರ್ ದೂರ ಸರಿಸಿ. ಟಿವಿಯನ್ನು ಮೇನ್ ಸ್ವಿಚ್ಚಿನಿಂದಲೇ ಆರಿಸಿ, ಅರ್ಧ ತಾಸು ಬಿಟ್ಟು ಮತ್ತೆ ಹಚ್ಚಿ. ತಣ್ಣಗಾದ ಮೇಲೆ ಹಚ್ಚಿದಾಗಲೇ ಒಳಗಿನ ಡಿಗಾಸ್ ಸುರುಳಿ (ಪರದೆಗೆ ಹತ್ತಿದ ಕಾಂತತ್ವ ಅಳಿಸುವ ಸುರುಳಿ) ಪೂರ್ತಿ ಕೆಲಸ ಮಾಡುವುದು.

ಹೊಸ ಪ್ಲೇಯರಿಗೆ ಎಚ್‌ಡಿಎಂಐ ಮಾತ್ರ ಇದ್ದರೆ ‘ಎಚ್‌ಡಿಎಂಐ ಟು ಎವಿ’ ಪರಿವರ್ತಕ ಬೇಕು. ಉಲ್ಟಾ ಕೆಲಸದ ‘ಎವಿ ಟು ಎಚ್‌ಡಿಎಂಐ’ ಡಬ್ಬಿಯೂ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಓದಿಯೇ ಕೊಳ್ಳಿ. ತಂದ ಪರಿವರ್ತಕಕ್ಕೆ 5 ವೋಲ್ಟಿನ ಮೊಬೈಲ್ ಚಾರ್ಜರ್ ಕೊಟ್ಟು, ಅದರ ಪಕ್ಕದ ಸ್ವಿಚ್ಚನ್ನು ಪ್ಯಾಲ್‌ಗೆ ಸರಿಸಿ.

ಇಷ್ಟಾದರೂ ಆಗದಿದ್ದರೆ ಟಿವಿಯ ಹಿಂಬದಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ರಿಪೇರಿ ಅಂಗಡಿಗೆ ಪ್ಲೇಯರ್ ಒಯ್ಯುವಾಗ ಅದರ ರಿಮೋಟು, ವೈರು, ಕಾಡುತ್ತಿರುವ ಡಿಸ್ಕು ಮೂರನ್ನೂ ಜೊತೆಗಿಟ್ಟುಕೊಳ್ಳಿ. ಎಷ್ಟೋ ಪ್ಲೇಯರುಗಳ ಸೆಟಪ್ ಮೆನು ರಿಮೋಟ್ ಇಲ್ಲದೆ ತೆರೆಯುವುದೇ ಇಲ್ಲ.