ಹೊಸ ಇಸಿಯು, ಮೊದಲ ಸೆಲ್ಫ್: ಪೆಟ್ರೋಲ್ ಕೊಡುವ ಮುಂಚೆ

ಹೊಸ ಇಸಿಯು (ಪೆಟ್ರೋಲ್, ಸ್ಪಾರ್ಕ್ ಎರಡನ್ನೂ ನಿಯಂತ್ರಿಸುವ ಕಂಪ್ಯೂಟರ್) ಹಾಕಿದ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಬಹಳ ಜನ ನೇರ ಲ್ಯಾಪ್‌ಟಾಪ್ ತೆರೆದು ಫ್ಯೂಯೆಲ್ ಟೇಬಲ್ (ಯಾವಾಗ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ಕೆದಕಲು ಕೂರುತ್ತಾರೆ. ತಪ್ಪು ಅಲ್ಲಿರುವುದು ಕಡಿಮೆ. ಗ್ರೌಂಡ್, ಸೆನ್ಸರ್ ಕ್ಯಾಲಿಬ್ರೇಶನ್, ಟೈಮಿಂಗ್ (ಸ್ಪಾರ್ಕ್ ಹೊಡೆಯುವ ಕ್ಷಣ) ಈ ಮೂರು ಸರಿ ಎಂದು ಖಾತ್ರಿಯಾಗುವವರೆಗೆ ನಾನು ಪಂಪಿನ ಫ್ಯೂಸ್ ಹಾಕುವುದೇ ಇಲ್ಲ. ಇಲ್ಲಿನ ಲೆಕ್ಕವೆಲ್ಲ ಜಿಪ್ಸಿ ಕಿಂಗ್‌ನ 1298 ಸಿಸಿ ಎಂಜಿನ್ನಿನದು: ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ (36ರಲ್ಲಿ ಒಂದು ಹಲ್ಲು ಖಾಲಿ ಬಿಟ್ಟ) ಚಕ್ರ, ಆ ಹಲ್ಲುಗಳನ್ನು ಓದುವ ವಿಆರ್ (ಅಯಸ್ಕಾಂತದ) ಸೆನ್ಸರ್, ಎರಡೆರಡು ಸಿಲಿಂಡರಿಗೆ ಒಟ್ಟಿಗೇ ಕಿಡಿ ಕೊಡುವ ವೇಸ್ಟೆಡ್ ಸ್ಪಾರ್ಕ್ ಕಾಯಿಲ್.

ಪವರ್ ಗ್ರೌಂಡ್ ವೈರ್‌ಗಳೆಲ್ಲ ಪೇಂಟ್ ಕೆರೆದು ಎಂಜಿನ್ನಿನ ಒಂದೇ ಬೋಲ್ಟಿಗೆ. ಸೆನ್ಸರ್ ಗ್ರೌಂಡ್ ಮಾತ್ರ ಇಸಿಯುಗೇ ವಾಪಸ್ ಹೋಗಬೇಕು. ಅದನ್ನೂ ಬ್ಲಾಕಿಗೆ ಕೊಟ್ಟರೆ ಸೆಲ್ಫ್ ಹೊಡೆದಾಗ ರೀಡಿಂಗ್ ಎಲ್ಲ ಕುಣಿಯುತ್ತದೆ. ಇಂಜೆಕ್ಟರ್ 12ರಿಂದ 16 ಓಮ್ ತೋರಿಸಿದರೆ ನೇರ ಜೋಡಿಸಬಹುದು. 2–3 ಓಮ್ ಬಂದರೆ ಪೀಕ್ ಅಂಡ್ ಹೋಲ್ಡ್ ಡ್ರೈವರ್ (ಮೊದಲು ಜೋರು ಕರೆಂಟ್ ಕೊಟ್ಟು ಆಮೇಲೆ ಇಳಿಸುವುದು) ಅಥವಾ ರೆಸಿಸ್ಟರ್ ಬೇಕೇ ಬೇಕು. ಕಾಯಿಲ್ ಕನೆಕ್ಟರ್ ಕೊನೆಗೆ ಹಾಕಿ, ಕೀ ಆನ್ ಮಾಡಿ ಕೈಯಿಟ್ಟು ನೋಡಿ. ಎಂಜಿನ್ ತಿರುಗದೆಯೇ ಕಾಯಿಲ್ ಬಿಸಿಯಾಗುತ್ತಿದ್ದರೆ ಸ್ಪಾರ್ಕ್ ಔಟ್‌ಪುಟ್ ಉಲ್ಟಾ ಸೆಟ್ ಆಗಿದೆ. ತಕ್ಷಣ ಕನೆಕ್ಟರ್ ಎಳೆಯಿರಿ.

ಕ್ಯಾಲಿಬ್ರೇಶನ್‌ನಲ್ಲಿ ಊರಿನ ಎತ್ತರ ಮರೆಯಬಾರದು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಕೀ ಆನ್, ಎಂಜಿನ್ ಆಫ್ ಇರುವಾಗ ಮ್ಯಾಪ್ ಸೆನ್ಸರ್ (ಎಂಜಿನ್ ಒಳಹೋಗುವ ಗಾಳಿಯ ಒತ್ತಡ ಅಳೆಯುವುದು) 89 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. 100 ತೋರಿಸಿದರೆ ಖುಷಿಪಡಬೇಡಿ, ಸೆನ್ಸರ್ ಆಯ್ಕೆ ತಪ್ಪಾಗಿದೆ. ಪೆಟ್ರೋಲ್ ಶೇ 12ರಷ್ಟು ಹೆಚ್ಚು ಸುರಿಯುತ್ತದೆ. ಕೂಲೆಂಟ್ ಸೆನ್ಸರಿಗೆ ಐಸ್ ನೀರು, ಕೋಣೆಯ ನೀರು, ಕುದಿಯುವ ನೀರು ಹೀಗೆ ಮೂರು ಬಿಂದು ತೆಗೆದುಕೊಳ್ಳುತ್ತೇನೆ. ಇಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ, ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಆ ಅಂಕಿಯನ್ನೇ ತುಂಬಬೇಕು. ಅಂದಹಾಗೆ, ಹಲವು ಇಸಿಯುಗಳು ವಾಯುಒತ್ತಡವನ್ನು ಕೀ ಆನ್ ಆದಾಗ ಒಮ್ಮೆ ಮಾತ್ರ ಓದುತ್ತವೆ. 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ ಒತ್ತಡ 80ರ ಹತ್ತಿರ ಇಳಿದಿರುತ್ತದೆ. ಘಾಟಿ ಓಡಿಸುವ ಗಾಡಿಗೆ ಬೇರೆಯದೇ ಬ್ಯಾರೋ (ವಾಯುಒತ್ತಡದ) ಸೆನ್ಸರ್ ಹಾಕಿಬಿಡುವುದು ಒಳ್ಳೆಯದು.

ಟೈಮಿಂಗ್‌ಗೆ ಪುಲ್ಲಿಯ ಗುರುತು ನಂಬುವುದಿಲ್ಲ. ನಡುವಿನ ರಬ್ಬರ್ ಜಾರಿದ್ದರೆ ಗುರುತೂ ಜಾರಿರುತ್ತದೆ. ಒಂದನೇ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲೇ ಎರಡೂ ಕಡೆ ಮೆಲ್ಲಗೆ ತಿರುಗಿಸಿ, ತಡೆದಲ್ಲೆಲ್ಲ ಗೆರೆ ಎಳೆದರೆ, ಎರಡರ ನಡುಬಿಂದುವೇ ಟಿಡಿಸಿ, ಅಂದರೆ ಪಿಸ್ಟನ್ ತುತ್ತತುದಿಯಲ್ಲಿರುವ ಜಾಗ. ಆಮೇಲೆ ಸ್ಟಾಪ್ ತೆಗೆದು, ಪ್ಲಗ್ ನಾಲ್ಕನ್ನೂ ಬಿಚ್ಚಿ, ಇಂಜೆಕ್ಟರ್ ಕನೆಕ್ಟರ್ ತೆಗೆದು ಸೆಲ್ಫ್ ಹೊಡೆಯಬೇಕು. ಆರ್‌ಪಿಎಂ ಸ್ಥಿರವಾಗಿ ಬರಬೇಕು, ಸಿಂಕ್ ಲಾಸ್ (ಇಸಿಯು ಹಲ್ಲಿನ ಲೆಕ್ಕ ತಪ್ಪಿದ ಸಲ) ಸೊನ್ನೆ ಇರಬೇಕು, ಬ್ಯಾಟರಿ 10 ವೋಲ್ಟಿಗಿಂತ ಕೆಳಗಿಳಿಯಬಾರದು. ಸಿಂಕ್ ತಪ್ಪುತ್ತಿದ್ದರೆ ಮೊದಲು ಸೆನ್ಸರಿನ ಗ್ಯಾಪ್ ನೋಡಿ (ನಾನು 1 ಮಿಲಿಮೀಟರ್ ಇಡುತ್ತೇನೆ), ಆಮೇಲೆ ಅದರ ಎರಡು ವೈರ್ ಅದಲುಬದಲು ಮಾಡಿ ನೋಡಿ.

ಈಗ ಟೈಮಿಂಗನ್ನು ಸಾಫ್ಟ್‌ವೇರಿನಲ್ಲಿ ಟಿಡಿಸಿಗಿಂತ 10 ಡಿಗ್ರಿ ಮುಂಚೆಗೆ ಲಾಕ್ ಮಾಡಿ, ಪ್ಲಗ್‌ಗಳನ್ನು ವಾಪಸ್ ಹಾಕಿ, ಒಂದನೇ ವೈರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿ ಮತ್ತೆ ಸೆಲ್ಫ್. ಪುಲ್ಲಿಯಲ್ಲೂ 10 ಕಾಣುವವರೆಗೆ ಟ್ರಿಗರ್ ಆ್ಯಂಗಲ್ (ಚಕ್ರದ ಖಾಲಿ ಹಲ್ಲಿಗೂ ಟಿಡಿಸಿಗೂ ನಡುವಿನ ಕೋನ) ಬದಲಿಸುತ್ತ ಹೋಗಿ. ಡಯಲ್ ಇರುವ ಲೈಟಾದರೆ ಡಯಲನ್ನು ಸೊನ್ನೆಗಿಡಿ: ವೇಸ್ಟೆಡ್ ಸ್ಪಾರ್ಕಿನಲ್ಲಿ ಪ್ಲಗ್ ಪ್ರತಿ ಸುತ್ತಿಗೂ ಹೊಡೆಯುವುದರಿಂದ ಡಯಲ್ ದುಪ್ಪಟ್ಟು ತೋರಿಸುವ ಸಾಧ್ಯತೆ ಇದೆ. ಗುರುತು ಸರಿಯಾಗಿ 180 ಡಿಗ್ರಿ ಆಚೆ ಕಂಡರೆ 1–4 ಮತ್ತು 2–3 ಜೋಡಿಗಳ ಕಾಯಿಲ್ ಅದಲುಬದಲಾಗಿವೆ.

ಪೆಟ್ರೋಲ್ ಲೆಕ್ಕ ಇಷ್ಟೇ. ನಿಮಿಷಕ್ಕೆ 240 ಸಿಸಿ ಹರಿಸುವ ಇಂಜೆಕ್ಟರಿಗೆ, ಗಾಳಿ–ಪೆಟ್ರೋಲ್ 14.7 ಅನುಪಾತಕ್ಕೆ, ಸಿಲಿಂಡರ್ ಪೂರ್ತಿ ತುಂಬಿದರೆ ಇಂಜೆಕ್ಟರ್ ತೆರೆದಿರಬೇಕಾದದ್ದು ಸುಮಾರು 9 ಮಿಲಿಸೆಕೆಂಡ್. ಬಂಕಿನಲ್ಲಿ ಸಿಗುವುದು ಇ20 (ಶೇ 20 ಎಥನಾಲ್ ಬೆರೆತ ಪೆಟ್ರೋಲ್) ಆದರೆ ಅನುಪಾತ 13.5ರ ಹತ್ತಿರ ಇಟ್ಟುಕೊಳ್ಳಿ; ಆಗ ಅದು 9.8 ಆಗುತ್ತದೆ. ಹಳೆಯ ಫ್ಯೂಯೆಲ್ ಟೇಬಲ್ ಹಾಗೇ ಹಾಕಿ ಎಂಜಿನ್ ಪೆಟ್ರೋಲ್ ಸಾಲದೆ ಬಡಕಲಾಗಿ ಓಡುವುದಕ್ಕೆ ಇದೂ ಒಂದು ಕಾರಣ.

ಇನ್ನು ಫ್ಯೂಸ್ ಹಾಕಿ, ಇಂಜೆಕ್ಟರ್ ಜೋಡಿಸಿ, ಕೀ ಆನ್ ಮಾಡಿ, ರೇಲ್‌ನಲ್ಲಿ ಸೋರಿಕೆ ನೋಡಿ, ಆಮೇಲೆ ಸೆಲ್ಫ್. ಹತ್ತು ಸೆಕೆಂಡಿನಲ್ಲಿ ಹಿಡಿಯದಿದ್ದರೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಒದ್ದೆಯಿದ್ದರೆ ಕ್ರ್ಯಾಂಕಿಂಗ್ ಪಲ್ಸ್ (ಸೆಲ್ಫ್ ಹೊಡೆಯುವಾಗ ಇಂಜೆಕ್ಟರ್ ತೆರೆದಿರುವ ಹೊತ್ತು) ಇಳಿಸಿ, ಒಣಗಿದ್ದರೆ ಏರಿಸಿ. ವೈಡ್‌ಬ್ಯಾಂಡ್ ಸೆನ್ಸರಿನ (ಎಕ್ಸಾಸ್ಟಿನ ಆಮ್ಲಜನಕ ಅಳೆಯುವುದು) ಹೀಟರ್ ಎಂಜಿನ್ ಹತ್ತಿದ ಮೇಲೆ ಆನ್ ಆಗಲಿ, ಪೈಪಿನೊಳಗಿನ ನೀರಹನಿ ಬಿಸಿ ಸೆನ್ಸರಿಗೆ ತಾಗಿದರೆ ಅದು ಒಡೆಯುತ್ತದೆ.

ಹತ್ತಿದ ಕೂಡಲೇ ಆಯಿಲ್ ದೀಪ ನೋಡಿ, ಐದು ಸೆಕೆಂಡಿನಲ್ಲಿ ಆರದಿದ್ದರೆ ಕೀ ಆಫ್. ಬಿಸಿಯಾದ ಮೇಲೆ 3,000 ಆರ್‌ಪಿಎಂನಲ್ಲಿ ಟೈಮಿಂಗ್ ಲೈಟ್ ಮತ್ತೊಮ್ಮೆ. ಗುರುತು ಅತ್ತಿತ್ತ ನೆಗೆದಾಡಿದರೆ ಸೆನ್ಸರ್ ವೈರಿನಲ್ಲಿ ನಾಯ್ಸ್ (ವಿದ್ಯುತ್ ಗದ್ದಲ) ಇದೆ, ಶೀಲ್ಡ್ ವೈರನ್ನು ಇಸಿಯು ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ವೇಗ ಏರಿದಂತೆ ಒಂದೆರಡು ಡಿಗ್ರಿ ಹಿಂದೆ ಸರಿದರೆ ಅದು ಸರ್ಕ್ಯೂಟಿನ ವಿಳಂಬ. ಅದಕ್ಕೆ ಸಾಫ್ಟ್‌ವೇರಿನಲ್ಲೇ ಮೈಕ್ರೋಸೆಕೆಂಡ್ ಲೆಕ್ಕದ ತಿದ್ದುಪಡಿ ಇರುತ್ತದೆ. ಇಷ್ಟಾದ ಮೇಲೆ 10 ಡಿಗ್ರಿಯ ಲಾಕ್ ತೆಗೆಯಿರಿ. ಲಾಕ್ ಹಾಗೇ ಬಿಟ್ಟು ರಸ್ತೆಗಿಳಿದರೆ ಎಂಜಿನ್ ಎಳೆಯುವುದಿಲ್ಲ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ.