ಕಂಪ್ಯೂಟರಿನಲ್ಲಿ ಹಲ್ಲಿನ ಸಾಲು ಅಳೆಯುವುದು ಹೇಗೆ?

ಹಲ್ಲಿಗೆ ಕ್ಲಿಪ್ ಹಾಕುವ ಮೊದಲು ಬಾಯಿಯ ಅಚ್ಚು ತೆಗೆಯುತ್ತಾರಲ್ಲ, ಆ ಬಿಳಿ ಪ್ಲಾಸ್ಟರ್ ಅಚ್ಚನ್ನು ಅಳೆಯದೆ ತಂತಿಯ ಬಾಗು ತೀರ್ಮಾನಿಸಲು ಆಗುವುದಿಲ್ಲ. ನಾನು ಮೈಸೂರಿನಲ್ಲಿ ಓದುವಾಗ ವರ್ನಿಯರ್ ಕ್ಯಾಲಿಪರ್ ಹಿಡಿದೇ ಕಲಿತೆ. ಈಗ ಇಮೇಜ್‌ಜೆ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹುಟ್ಟಿದ ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ.

ಮೊದಲು ಪೆನ್ಸಿಲ್ ಚೂಪು ಮಾಡಿಕೊಳ್ಳಿ. ಎರಡೂ ಕೋರೆಹಲ್ಲಿನ ತುದಿಗೆ, ಮೊದಲ ದವಡೆ ಹಲ್ಲಿನಲ್ಲಿ ಕೆನ್ನೆ ಕಡೆ ಇರುವ ಮುಂದಿನ ಉಬ್ಬಿಗೆ ಒಂದೊಂದು ಚುಕ್ಕಿ ಇಡಿ. ತುದಿ ಸವೆದಿದ್ದರೆ ಸವೆದ ಜಾಗದ ನಡುವೆ.

ಇನ್ನು ಫೋಟೊ. ಎಲ್ಲರೂ ಎಡವುವುದು ಇಲ್ಲೇ. ಮೊದಲ ಸಲ ನಾನು ಸ್ಕೇಲನ್ನು ಅಚ್ಚಿನ ಪಕ್ಕ ಮೇಜಿನ ಮೇಲೇ ಇಟ್ಟೆ. ಕೈಯಲ್ಲಿ ಅಳೆದಾಗ 34 ಮಿ.ಮೀ. ಇದ್ದದ್ದು ಪರದೆಯಲ್ಲಿ 36 ಬಂತು! ಅರ್ಧ ದಿನ ತಂತ್ರಾಂಶವನ್ನೇ ಬೈದುಕೊಂಡೆ. ಹಲ್ಲು ಕ್ಯಾಮೆರಾಗೆ ಹತ್ತಿರ, ಸ್ಕೇಲ್ ದೂರ. ಹತ್ತಿರದ್ದು ದೊಡ್ಡದಾಗಿ ಕಾಣದೆ ಇನ್ನೇನು? ಸ್ಕೇಲಿನ ಕೆಳಗೆ ಬೆಂಕಿಪೊಟ್ಟಣ ಜೋಡಿಸಿ ಹಲ್ಲಿನ ಎತ್ತರಕ್ಕೆ ತಂದೆ, ಸರಿಹೋಯಿತು. ಫೋನನ್ನು ಮೇಜಿಗೆ ಸಮನಾಗಿ, ಸ್ವಲ್ಪ ದೂರದಲ್ಲೇ ಹಿಡಿಯಿರಿ.

ಫೋಟೊ ತೆರೆದು ಸ್ಕೇಲಿನ ಮೇಲೆ 50 ಮಿ.ಮೀ. ಉದ್ದದ ಗೆರೆ ಎಳೆಯಿರಿ. 10 ಸಾಲದು, ಗೆರೆ ಚಿಕ್ಕದಾದಷ್ಟೂ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಅನಲೈಸ್ ಮೆನುವಿನ ಸೆಟ್ ಸ್ಕೇಲ್‌ನಲ್ಲಿ 50 ಎಂದು ತುಂಬಿ. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಎಂ ಕೀ ಒತ್ತಿದರೆ ಅಳತೆ ಬಂತು.

ಬಾಗು ಬೇಕಾದರೆ ಸ್ವಲ್ಪ ಜಾಸ್ತಿ ಕೆಲಸ. ದಸರೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಎರಡು ಕಂಬದ ನಡುವೆ ದೀಪದ ಸರ ಜೋತುಬಿದ್ದಿರುತ್ತದಲ್ಲ, ಹಲ್ಲಿನ ಸಾಲೂ ಹಾಗೇ ಎಂದು ಹಿಂದಿನವರು ಲೆಕ್ಕ ಹಾಕಿದ್ದರು. ಆದರೆ ಎಲ್ಲರ ಬಾಯಿ ಆ ಬಾಗಿಗೆ ಕೂರುವುದಿಲ್ಲ. ಮಲ್ಟಿ ಪಾಯಿಂಟ್ ಟೂಲ್‌ನಿಂದ ಪ್ರತಿ ಹಲ್ಲಿಗೂ ಚುಕ್ಕಿ ಇಟ್ಟು, ಸಿಕ್ಕ ಅಂಕಿಗಳನ್ನು (ಪ್ರತಿ ಚುಕ್ಕಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ದೂರದಲ್ಲಿದೆ ಎಂಬ ಅಳತೆ) ಎಕ್ಸೆಲ್‌ಗೆ ಹಾಕಿ ನಾಲ್ಕನೇ ಘಾತದ ಗೆರೆ, ಅಂದರೆ x⁴ ವರೆಗೆ ಹೋಗುವ ಸಮೀಕರಣದ ಬಾಗುಗೆರೆ, ಎಳೆಯಿಸಿ. ಐದೇ ಚುಕ್ಕಿ ಕೊಟ್ಟರೆ ಗೆರೆ ಐದರ ಮೇಲೂ ಹಾದುಹೋಗುತ್ತದೆ. ಅದನ್ನು ನೋಡಿ ಹಿಗ್ಗಬೇಡಿ, ಐದು ಚುಕ್ಕಿ ಎಲ್ಲೇ ಇಟ್ಟರೂ ಅದು ಹಾಗೇ ಹಾಯುವುದು.

ವಾರ ಬಿಟ್ಟು, ಹಳೇ ಅಂಕಿ ನೋಡದೆ ಇನ್ನೊಮ್ಮೆ ಅಳೆಯಿರಿ. ಮುಖ್ಯವಾಗಿ ಕೆಳಸಾಲಿನ ಕೋರೆಹಲ್ಲುಗಳ ನಡುವಿನ ಅಂತರ. ಅದನ್ನು ಹಿಗ್ಗಿಸಿದರೆ ಕ್ಲಿಪ್ ತೆಗೆದ ಮೇಲೆ ಹಲ್ಲು ಹಳೇ ಜಾಗಕ್ಕೇ ಸರಿಯುವುದು ಜಾಸ್ತಿ. ಆ ಒಂದು ಅಂಕಿಯನ್ನು ನಾನು ಇವತ್ತಿಗೂ ಕ್ಯಾಲಿಪರ್‌ನಲ್ಲಿ ಇನ್ನೊಮ್ಮೆ ನೋಡಿಯೇ ಬರೆದುಕೊಳ್ಳುವುದು.